ಹನ್ನೊಂದು ಸೆಕೆಂಡಿನ ಮೌನ

ಬರ್ಬ್ಯಾಂಕ್, ಕ್ಯಾಲಿಫೋರ್ನಿಯಾ
ಜನವರಿ 30, 2012

ಪ್ರಿಯ ಆರ್ಡಿತ್,

ಕ್ರಿಸ್ಮಸ್ ಕಾರ್ಡಿಗಿಂತ ಉದ್ದವಾದದ್ದನ್ನು ನಿನಗೆ ಬರೆದು ಎಷ್ಟು ವರ್ಷವಾಯಿತೋ! ಲಕೋಟೆಯ ದಪ್ಪ ನೋಡಿಯೇ "ಇವಳಿಗೇನೋ ಬೇಕಾಗಿದೆ" ಅಂದುಕೊಂಡಿರುತ್ತೀಯ. ಹೌದು, ಬೇಕಾಗಿದೆ.

ನಮ್ಮವರೊಬ್ಬರು ದೇಶದ ಅಧ್ಯಕ್ಷಗಿರಿಗೆ ನಿಲ್ಲಲು ಹೊರಟ ಮೇಲೆ ಇಲ್ಲಿ ಎಲ್ಲರಿಗೂ ನಮ್ಮ ಮಾರ್ಮನ್ ಕ್ರೈಸ್ತ ಪಂಥದವರ ಹುಚ್ಚು ಹಿಡಿದಿದೆ. ನಾನು ಚರ್ಚು ಬಿಟ್ಟು ಇಪ್ಪತ್ತು ವರ್ಷವಾದರೂ ಬಾಯಿಗೆ 'ನಮ್ಮವರು' ಅಂತಲೇ ಬರುತ್ತದೆ ನೋಡು. ಪತ್ರಿಕೆ ತೆರೆದರೆ ನಾವು, ಟಿವಿ ಹಾಕಿದರೆ ನಾವು. ನಮ್ಮವರು ಬಹುಪತ್ನಿತ್ವ ಬಿಟ್ಟು ನೂರು ವರ್ಷ ದಾಟಿದರೂ, ಕಳೆದ ವಾರ ನಮ್ಮ ಟಿವಿ ಕಚೇರಿಯಲ್ಲಿ ಒಬ್ಬ ಓದಿಕೊಂಡವನು ಬಹಳ ಗಂಭೀರವಾಗಿ ಕೇಳಿದ, "ಕೊಲೆಟ್, ಅವ್ರಿಗೆಲ್ಲ ಸರಾಸರಿ ಎಷ್ಟು ಹೆಂಡ್ತೀರು ಇರ್ತಾರೆ?" ನಾನು ಹೇಳಿದೆ, "ಒಬ್ಳೇ ಸಾಕಾಗಿ ಹೋಗಿರ್ತಾಳೆ, ಮಾರಾಯ."

ಹಾಗಾಗಿ ಒಂದು ಗಂಟೆಯ ಕಾರ್ಯಕ್ರಮ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಂದು ಸಾಮಾನ್ಯ ಮಾರ್ಮನ್ ಮನೆ ಬೇಕು. ನನಗೆ ಗೊತ್ತಿರುವ ಅತ್ಯಂತ ಸಾಮಾನ್ಯ ಹೆಂಗಸು ನೀನೇ. ಬೈಗುಳವಲ್ಲ ಕಣೇ. ಸಮುದ್ರದಾಚೆಯ ತೈಚುಂಗ್‌ಗೆ ಧರ್ಮಪ್ರಚಾರಕ್ಕೆ ಹೋದಾಗ ಐದು ತಿಂಗಳು ಒಬ್ಬರ ಕಣ್ಣಿಂದ ಇನ್ನೊಬ್ಬರು ಮರೆಯಾಗದೆ ಬದುಕಿದವರು ನಾವು. ಎಷ್ಟು ಬಾಗಿಲು ಮುಖಕ್ಕೆ ಬಡಿದವು! ಮುಚ್ಚಿದ ಬಾಗಿಲಿಗೂ ನೀನು ತಲೆಬಾಗಿ "ಥ್ಯಾಂಕ್ಸ್" ಹೇಳಿ ಬರುತ್ತಿದ್ದೆ. ಟಿವಿ ಎಂದರೆ ಈ ದೇಶದ ಬಾಗಿಲುಗಳೆಲ್ಲ ಒಂದೇ ಸಲ ತೆರೆದ ಹಾಗೆ. ಯೋಚಿಸು.

ನಿನ್ನ ಹಳೆಯ ಜೊತೆಗಾತಿ,
ಕೊಲೆಟ್

*

ಪೈನ್ ಬೆಂಚ್, ಯೂಟಾ
ಫೆಬ್ರವರಿ 14, 2012

ಪ್ರಿಯ ಕೊಲೆಟ್,

ನಿನ್ನ ಪತ್ರವನ್ನು ವರ್ಲ್‌ಗೆ ಓದಿ ಹೇಳಿದೆ. ನನ್ನ ಗಂಡ ಮೂವತ್ತು ವರ್ಷದಲ್ಲಿ ಯಾವುದಕ್ಕೂ ಒಂದೇ ಏಟಿಗೆ ಹೂಂ ಅಂದವನಲ್ಲ, ಈ ಸಲ ಒಪ್ಪಿಬಿಟ್ಟ. "ಬರ್ಲಿ, ಟರ್ಕಿ ಕೋಳಿ ಶೆಡ್ ತೋರ್ಸು, ಹೊಲ ತೋರ್ಸು. ನಿನ್ನ ಬಾಯಿ ಒಂದು ತೋರಿಸ್ಬೇಡ" ಅಂದ. ಬಿಷಪ್ಪರನ್ನೂ ಕೇಳಿದೆ. ನಮ್ಮಲ್ಲಿ ಬಿಷಪ್ಪರಿಗೆ ಸಂಬಳವಿಲ್ಲವಲ್ಲ, ಇವರು ವಾರವೆಲ್ಲ ಮನೆಮನೆಗೆ ವೈರು ಎಳೆಯುವ ಎಲೆಕ್ಟ್ರಿಷಿಯನ್. ಏಣಿಯ ಮೇಲಿಂದಲೇ, "ಒಳ್ಳೇದನ್ನ ಯಾಕೆ ಮುಚ್ಚಿಡ್ಬೇಕು ಸಿಸ್ಟರ್? ತೋರ್ಸಿ" ಅಂದರು. ಹಾಗಾಗಿ ಬಾ. ಎಷ್ಟು ಜನ ಬರುತ್ತೀರೆಂದು ಮೊದಲೇ ತಿಳಿಸು, ಅಡಿಗೆ ಮಾಡಬೇಕು.

ಒಂದೇ ಒಂದು ಷರತ್ತು. ಹೊರಗಿನವರಿಗೆ ಪ್ರವೇಶವಿಲ್ಲದ ನಮ್ಮ ದೇವಾಲಯದ ಒಳಗೆ ನಡೆಯುವುದರ ಬಗ್ಗೆ ಕೇಳಕೂಡದು. ಅದನ್ನು ಹೊರಗೆ ಆಡುವುದಿಲ್ಲವೆಂದು ನಾನು ಮಾತು ಕೊಟ್ಟಿದ್ದೇನೆ. ನೀನೂ ಕೊಟ್ಟಿದ್ದೆ. ನೀನು ಅದನ್ನು ಏನು ಮಾಡಿಕೊಂಡೆಯೋ ನಿನಗೆ ಬಿಟ್ಟದ್ದು. ಯಾರಾದರೂ ಕೇಳಿದರೆ ನನ್ನ ಬಾಯಿಗೆ ಬೀಗ ಬೀಳುತ್ತದೆ, ಅಷ್ಟೇ.

ಒಂದು ಸಂತೋಷದ ಸುದ್ದಿ. ಮಗಳು ಮೆರಿಲೀ ಬಸುರಿ. ಅವಳು ಚರ್ಚು ಬಿಟ್ಟಾಗ, ಆಮೇಲೆ ಓವನ್‌ನನ್ನು ದೇವಾಲಯ ಬಿಟ್ಟು ಯಾರದೋ ತೋಟದಲ್ಲಿ ಮದುವೆಯಾದಾಗ, ನಮ್ಮಿಬ್ಬರ ನಡುವೆ ಏನೇನು ಮಾತು ಬಂತೆಂದು ನಿನಗೆ ಗೊತ್ತು. ಈಗ ಅವಳಾಗಿಯೇ ಫೋನ್ ಮಾಡಿ, "ಅಮ್ಮ, ಸೆಪ್ಟೆಂಬರ್‌ನಲ್ಲಿ ಬಂದು ಒಂದು ತಿಂಗಳು ಇರ್ತೀಯಾ?" ಅಂದಳು. ನಾನು ಫೋನಿಟ್ಟು ಕೋಳಿ ಶೆಡ್ಡಿಗೆ ಹೋಗಿ ಚೆನ್ನಾಗಿ ಅತ್ತೆ. ನನಗೆ ಈ ವರ್ಷ ಇನ್ನೇನೂ ಬೇಡ.

ಪ್ರೀತಿಯಿಂದ,
ಆರ್ಡಿತ್

*

ಪೈನ್ ಬೆಂಚ್
ಮಾರ್ಚ್ 28, 2012

ಪ್ರಿಯ ಕೊಲೆಟ್,

ನೀವು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ನಿನ್ನ ಕ್ಯಾಮೆರಾದವರು ನನ್ನ ಆಲೂಗಡ್ಡೆ-ಚೀಸಿನ ತಟ್ಟೆಯನ್ನು ಎರಡು ಸಲ ಖಾಲಿ ಮಾಡಿದರು. ಅದನ್ನು ನಾವು ಸಾವಿನ ಮನೆಗೆ ಮಾಡಿ ಒಯ್ಯುತ್ತೇವೆಂದು ಹೇಳಿದಾಗ ಆ ಗಡ್ಡದವನು ಚಮಚ ಕೆಳಗಿಟ್ಟು, "ಯಾರು ಹೋದ್ರು?" ಅಂತ ಕೇಳಿದ್ದು ನೆನೆದು ವರ್ಲ್ ಇನ್ನೂ ನಗುತ್ತಾನೆ. ನಮ್ಮವರು ಕಾಫಿ ಮುಟ್ಟುವುದಿಲ್ಲವಲ್ಲ, ಪಾಪ, ಕಾಫಿಗೋಸ್ಕರ ಹನ್ನೆರಡು ಮೈಲಿ ದೂರದ ಪೆಟ್ರೋಲ್ ಬಂಕಿಗೆ ಓಡಾಡಿದರು.

ಮೆರಿಲೀ ಬಗ್ಗೆ ಮಾತಾಡಿಸಿದ್ದು ಒಳ್ಳೆಯದಾಯಿತು. ಅವಳ ಮದುವೆಗೆ ನಾನೇ ಮೂರಂತಸ್ತಿನ ಕೇಕು ಮಾಡಿ, ಟ್ರಕ್ಕಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಪೋರ್ಟ್‌ಲ್ಯಾಂಡ್‌ವರೆಗೆ ಒಯ್ದದ್ದನ್ನು ಯಾರಿಗೂ ಇಷ್ಟು ವಿವರವಾಗಿ ಹೇಳಿರಲಿಲ್ಲ. ಅವಳು ಅದನ್ನು ಟಿವಿಯಲ್ಲಿ ನೋಡಲಿ. ನನಗೆ ಎದುರಿಗೆ ಹೇಳಲು ಬರುವುದಿಲ್ಲ.

ಒಂದು ಮಾತ್ರ ಚುಚ್ಚಿತು. ಪ್ರಶ್ನೆ ಕೇಳುತ್ತಿದ್ದ ಆ ತರುಣ ಕೊನೆಗೆ ದೇವಾಲಯದೊಳಗಿನ ವಿಧಿಗಳ ಬಗ್ಗೆ ಕೇಳಿಯೇಬಿಟ್ಟ. ನಾನು ತಲೆ ತಗ್ಗಿಸಿ ಸುಮ್ಮನೆ ಕುಳಿತೆ. ಕಣ್ಣಲ್ಲಿ ನೀರೂ ಬಂತು. ನೀನು ಕ್ಯಾಮೆರಾದ ಹಿಂದೆ ನಿಂತಿದ್ದೆ. ನೀನೂ ತಲೆ ತಗ್ಗಿಸಿದೆ. ಅದನ್ನು ನೋಡಿ ನನಗೆ ಸಮಾಧಾನವಾಯಿತು.

ಪ್ರೀತಿಯಿಂದ,
ಆರ್ಡಿತ್

*

ಪೈನ್ ಬೆಂಚ್
ಮೇ 24, 2012

ಕೊಲೆಟ್,

ಮೊನ್ನೆ ಮಂಗಳವಾರ ನಮ್ಮ ಮನೆಯಲ್ಲಿ ಇಪ್ಪತ್ತೆರಡು ಜನ ಸೇರಿದ್ದರು. ಬಿಷಪ್ಪರು ತಮ್ಮ ಮನೆಯ ದೊಡ್ಡ ಟಿವಿಯನ್ನೇ ಹೊತ್ತು ತಂದಿದ್ದರು. ನಾನು ಹೊಸ ಗೌನು ತೊಟ್ಟು ಮದುಮಗಳಂತೆ ನಡುವೆ ಕುಳಿತಿದ್ದೆ.

ಕಷ್ಟಕಾಲಕ್ಕೆಂದು ನೆಲಮಾಳಿಗೆಯಲ್ಲಿ ಕೂಡಿಟ್ಟ ಗೋಧಿ ಡಬ್ಬಗಳನ್ನು ತೋರಿಸುವಾಗ ಡಮರು ಬಾರಿಸಿದ ಹಾಗೆ ಸಂಗೀತ ಹಾಕಿದಿರಿ. ಕೆಲಸ ಹೋದವರ ಮನೆಗೆ ಅದೇ ಗೋಧಿ ಹೋಗುತ್ತದೆಂದು ನಾನು ಹೇಳಿದ್ದೆನಲ್ಲ, ಆ ಮಾತು ಎಲ್ಲಿ ಹೋಯಿತು? ಹೋಗಲಿ. ನಮ್ಮನ್ನು ವಿಚಿತ್ರ ಪ್ರಾಣಿಗಳಂತೆ ತೋರಿಸುವುದು ಹೊಸದೇನಲ್ಲ. ನಕ್ಕು ಸುಮ್ಮನಾಗುತ್ತಿದ್ದೆ.

ಆಮೇಲೆ ಆ ತರುಣನ ದನಿ ಬಂತು: "ಚರ್ಚು ಬಿಟ್ಟು ಹೋದ ಮಗಳನ್ನ ಬೇರೆ ಮಕ್ಕಳಷ್ಟೇ ಪ್ರೀತಿಸ್ತೀರಾ?" ಮತ್ತೆ ನನ್ನ ಮುಖ. ನಾನು ತಲೆ ತಗ್ಗಿಸುತ್ತೇನೆ. ಕಣ್ಣಲ್ಲಿ ನೀರು. ಬಾಯಿಂದ ಒಂದು ಅಕ್ಷರವಿಲ್ಲ. ನನ್ನ ಮಗ ಅದನ್ನು ರೆಕಾರ್ಡ್ ಮಾಡಿಕೊಂಡಿದ್ದ. ಎಲ್ಲರೂ ಹೋದ ಮೇಲೆ ಮತ್ತೆ ಹಾಕಿ ಎಣಿಸಿದೆವು. ಹನ್ನೊಂದು ಸೆಕೆಂಡು.

ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ನಿನಗೆ ನೆನಪಿದೆ. "ಇದೆಂಥ ಪ್ರಶ್ನೆ ಮಾರಾಯ! ಐದ್ರಲ್ಲಿ ನಂಗೆ ಅವ್ಳೇ ಹೆಚ್ಚು. ಉಳಿದ ನಾಲ್ಕಕ್ಕೆ ಹೇಳ್ಬೇಡ" ಅಂದಿದ್ದೆ. ನೀನು ಜೋರಾಗಿ ನಕ್ಕಿದ್ದೆ. ಆ ಉತ್ತರವನ್ನು ತೆಗೆದು ದೇವಾಲಯದ ಮೌನವನ್ನು ತಂದು ಅಲ್ಲಿ ಅಂಟಿಸಿದಿರಿ. ಆ ಮೌನ ಯಾವುದೆಂದು ಆ ಕಚೇರಿಯಲ್ಲಿ ಗೊತ್ತಿದ್ದವಳು ನೀನೊಬ್ಬಳೇ.

ರಾತ್ರಿಯೇ ಮೆರಿಲೀ ಫೋನ್ ಮಾಡಿದಳು. "ಟಿವಿ ನೋಡ್ದೆ. ಸೆಪ್ಟೆಂಬರ್‌ಗೆ ಬರ್ಬೇಡ ಅಮ್ಮ" ಎಂದು ಇಟ್ಟುಬಿಟ್ಟಳು. ಕತ್ತರಿಸಿ ಅಂಟಿಸಿದ್ದಾರೆ ಎಂದು ಸಂದೇಶ ಬಿಟ್ಟೆ. "ಟಿವಿಗೆ ಬಂದೋರೆಲ್ಲ ಆಮೇಲೆ ಹಾಗೇ ಹೇಳ್ತಾರೆ" ಎಂದು ಓವನ್‌ನ ಕೈಲಿ ಹೇಳಿಸಿದಳು. ಈಗ ಅವನೂ ಫೋನೆತ್ತುತ್ತಿಲ್ಲ.

ನನಗೆ ಕತ್ತರಿಸದ ಪ್ರತಿ ಬೇಕು. ನಾಳೆಯೇ ಕಳಿಸು.

ಆರ್ಡಿತ್ ಮಿಕೆಲ್‌ಸನ್

*

ಬರ್ಬ್ಯಾಂಕ್
ಜೂನ್ 2, 2012

ಪ್ರಿಯ ಆರ್ಡಿತ್,

ಕಚೇರಿಯ ಈಮೇಲ್ ವಕೀಲರ ಕಣ್ಣಿಗೆ ಬೀಳುತ್ತದೆ, ಅದಕ್ಕೇ ಕೈಯಲ್ಲಿ ಬರೆಯುತ್ತಿದ್ದೇನೆ. ನೀನು ಸಹಿ ಮಾಡಿದ ಕಾಗದದ ಪ್ರಕಾರ ಚಿತ್ರೀಕರಿಸಿದ್ದೆಲ್ಲ ಸಂಸ್ಥೆಯ ಆಸ್ತಿ. ಒಂದು ತುಣುಕನ್ನೂ ಹೊರಗೆ ಕೊಡುವಂತಿಲ್ಲ. ಸಂಕಲನ ಅನ್ನುವುದು ಹತ್ತು ಜನರ ಕೈ ದಾಟಿ ಆಗುವ ಕೆಲಸ. ಇಷ್ಟು ನೋವಾಗುತ್ತದೆಂದು ಯಾರೂ ಎಣಿಸಿರಲಿಲ್ಲ.

ನಲವತ್ತು ಲಕ್ಷ ಜನ ನೋಡಿದ್ದಾರೆ. ನಿನ್ನ ಮುಖ ಎಲ್ಲರ ಬಾಯಲ್ಲಿದೆ. ಇದು ಸಮಾಧಾನದ ಮಾತಲ್ಲವೆಂದು ಬರೆಯುವಾಗಲೇ ಗೊತ್ತಾಗುತ್ತಿದೆ.

ಕೊಲೆಟ್

*

ಪೈನ್ ಬೆಂಚ್
ಜೂನ್ 5, 2012

ಕೊಲೆಟ್,

ಹತ್ತು ಜನರ ಕೈಯಂತೆ! ನಾನು ನಿನ್ನ ಕೈಯನ್ನು ಕೇಳಿದ್ದು.

ಪೋಸ್ಟಿನವನು ದಿನಾ ಕಟ್ಟು ಕಟ್ಟು ಪತ್ರ ತಂದು ಹಾಕುತ್ತಿದ್ದಾನೆ. ಒಹಾಯೋದ ಹೆಂಗಸೊಬ್ಬಳು ನನ್ನಂಥವಳ ಹೊಟ್ಟೆಯಲ್ಲಿ ಮಕ್ಕಳೇ ಹುಟ್ಟಬಾರದಿತ್ತು ಎಂದು ಗುಲಾಬಿ ಕಾಗದದಲ್ಲಿ ಬರೆದಿದ್ದಾಳೆ. ನಮ್ಮೂರಿನ ಇಬ್ಬರು ಹುಡುಗಿಯರು ಕೆಂಟಕಿಯಲ್ಲಿ ಧರ್ಮಪ್ರಚಾರಕ್ಕಿದ್ದಾರೆ. ಬಾಗಿಲು ತೆಗೆದವನೊಬ್ಬ, "ಮಗಳನ್ನ ಪ್ರೀತಿಸದ ಆ ಹೆಂಗಸಿನ ಚರ್ಚಾ? ನಡೀರಿ ಆಚೆ" ಅಂದನಂತೆ. ದೇಶದ ಬಾಗಿಲೆಲ್ಲ ಒಂದೇ ಸಲ ತೆರೆಯುತ್ತದೆ ಅಂದಿದ್ದೆ ನೀನು.

ಅದಕ್ಕಿಂತ ಕೆಟ್ಟದ್ದನ್ನು ಹೇಳುತ್ತೇನೆ ಕೇಳು. ಮೊನ್ನೆ ತಿಂಗಳ ಮೊದಲ ಭಾನುವಾರ. ಉಪವಾಸವಿದ್ದು, ಮನಸ್ಸಿಗೆ ಬಂದವರು ಎದ್ದು ಹೋಗಿ ಎಲ್ಲರೆದುರು ಸಾಕ್ಷಿ ಹೇಳುವ ದಿನ. ನಿನಗೆ ಗೊತ್ತೇ ಇದೆ. ಎದ್ದವರೆಲ್ಲ ನನ್ನ ಬಗ್ಗೆಯೇ ಹೇಳಿದರು! ಸಿಸ್ಟರ್ ಲುಂಡ್‌ಕ್ವಿಸ್ಟ್ ಅಳುತ್ತ, "ನಾನಾಗಿದ್ರೆ ಹೆತ್ತ ಕರುಳು ಅಂತ ಹೂಂ ಅಂದ್ಬಿಡ್ತಿದ್ದೆ. ಸಿಸ್ಟರ್ ಮಿಕೆಲ್‌ಸನ್ ಇಡೀ ದೇಶದ ಮುಂದೆ ದೇವ್ರನ್ನ ಮೊದ್ಲು ಇಟ್ರು" ಅಂದಳು. ಹೊರಗಿನವರು ನನ್ನನ್ನು ರಾಕ್ಷಸಿ ಅನ್ನುತ್ತಾರೆ. ನಮ್ಮವರು ಅದೇ ರಾಕ್ಷಸಿಗೆ ಆರತಿ ಎತ್ತುತ್ತಾರೆ. ನೀನು ಮಾಡಿದ ಹೆಂಗಸನ್ನು ಎಲ್ಲರೂ ನಂಬಿದ್ದಾರೆ.

ನಾನು ಎದ್ದು ಹೇಳಬೇಕೆಂದೇ ಇದ್ದೆ. ಅಷ್ಟರಲ್ಲಿ ಹೊತ್ತು ಮುಗಿಯಿತು.

ಪ್ರತಿ ಕಳಿಸು. ಕಾಲಿಗೆ ಬೀಳು ಅಂದರೆ ಬೀಳುತ್ತೇನೆ.

ಆರ್ಡಿತ್

*

ಬರ್ಬ್ಯಾಂಕ್
ಜೂನ್ 19, 2012

ಆರ್ಡಿತ್,

ಹೊತ್ತು ಮುಗಿಯಿತೇ? ಯಾರಿಗೆ ಹೇಳುತ್ತಿದ್ದೀಯ? ನಾನೂ ಇಪ್ಪತ್ತೈದು ವರ್ಷ ಆ ಬೆಂಚುಗಳ ಮೇಲೆ ಹಸಿದು ಕುಳಿತವಳು. ಎದ್ದು ನಡೆದವರನ್ನು ಕೆಳಗಿಳಿಸಿದ ಬಿಷಪ್ಪರನ್ನು ನಾನು ಕಂಡಿಲ್ಲ. ಮುದುಕರು ತಮ್ಮ ಮೊಣಕಾಲಿನ ನೋವಿನ ಬಗ್ಗೆ ಅರ್ಧ ಗಂಟೆ ಹೇಳಿದರೂ ಕೇಳುತ್ತಾರೆ. ನೀನು ಏಳಲಿಲ್ಲ, ಅಷ್ಟೇ.

ಈಗ ನನ್ನದನ್ನು ಕೇಳು. ಹತ್ತು ಜನರ ಕೈ ಅಂದದ್ದು ಸುಳ್ಳು. ಆ ಮೌನವನ್ನು ಎತ್ತಿ ಅಲ್ಲಿಟ್ಟವಳು ನಾನೇ. ಯಾರೂ ಹೇಳಿಕೊಡಲಿಲ್ಲ.

ನಾನು ಚರ್ಚು ಬಿಟ್ಟೆನೆಂದು ಊರಿಗೆ ಬರೆದಾಗ ಅಮ್ಮ ಉತ್ತರ ಬರೆಯಲಿಲ್ಲ. ಹನ್ನೊಂದು ವರ್ಷ ಬರೆಯಲಿಲ್ಲ. ಅವಳು ಹಾಸಿಗೆ ಹಿಡಿದಾಗ ಅಕ್ಕ ಫೋನನ್ನು ಅವಳ ಕಿವಿಗೆ ಹಿಡಿದಳು. ನಾನು ಕೇಳಿದೆ, "ಅಮ್ಮ, ನನ್ನ ಮೇಲೆ ಒಂಚೂರಾದ್ರೂ ಪ್ರೀತಿ ಇದ್ಯಾ?" ಆ ಕಡೆಯಿಂದ ಬರಿಯ ಉಸಿರಾಟ. ಆಮೇಲೆ ಅಕ್ಕ ಫೋನ್ ಇಟ್ಟಳು. ನಿನ್ನ ನಗುವಿನ ಉತ್ತರವನ್ನು ಪರದೆಯ ಮೇಲೆ ಎಷ್ಟು ಸಲ ಹಾಕಿ ನೋಡಿದೆನೋ. ಪ್ರತಿ ಸಲವೂ ಹೊಟ್ಟೆ ಉರಿಯಿತು. ಸಂತೋಷವಾಗಬೇಕಿತ್ತಲ್ಲ? ಆಗಲಿಲ್ಲ. ನಿನ್ನ ಮೆರಿಲೀಗೆ ಸಿಕ್ಕಿದ್ದು ನನಗೇಕೆ ಸಿಗಲಿಲ್ಲ ಅನಿಸಿತು. ಆ ಮೌನವನ್ನು ತಂದಿಟ್ಟಾಗ ಮಾತ್ರ ನನಗೆ ಗೊತ್ತಿರುವ ಮನೆ ಕಾಣಿಸಿತು. ಇದೇ ನಿಜ ಅಂದುಕೊಂಡೆ. ಮಾರನೆಯ ದಿನ ಕಚೇರಿಯಲ್ಲಿ ಅದನ್ನು ನೋಡಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಪ್ರತಿ ಕೊಟ್ಟರೆ ನನ್ನ ಕೆಲಸ ಹೋಗುತ್ತದೆ. ನನಗೆ ಇರುವುದು ಅದೊಂದೇ.

ಕೊಲೆಟ್

*

ಪೈನ್ ಬೆಂಚ್
ಜುಲೈ 6, 2012

ಕೊಲೆಟ್,

ನಿನ್ನ ತಾಯಿ ಮಾಡಿದ್ದಕ್ಕೆ ನನಗೆ ಕರುಳು ಚುರುಕ್ ಎನ್ನುತ್ತದೆ. ಆದರೆ ಅವಳ ತಪ್ಪನ್ನು ನನ್ನ ಕೊರಳಿಗೆ ಕಟ್ಟಿದೆಯಲ್ಲ, ಅದನ್ನು ಮಾತ್ರ ಕ್ಷಮಿಸಲಾರೆ. ನನಗೆ ಮಗಳಿದ್ದಾಳೆ, ಇನ್ನೂ ಬದುಕಿದ್ದಾಳೆ. ಅವಳ ಹೆರಿಗೆಗೆ ಇನ್ನು ಎರಡೂವರೆ ತಿಂಗಳು ಉಳಿದಿದೆ.

ಆ ಭಾನುವಾರದ ಬಗ್ಗೆ ನೀನು ಬರೆದದ್ದು ಸರಿ. ಇದನ್ನು ನಿನಗೊಬ್ಬಳಿಗೇ ಹೇಳುತ್ತಿದ್ದೇನೆ. ಮೆರಿಲೀ ಬಿಟ್ಟುಹೋದಂದಿನಿಂದ ಆರು ವರ್ಷ ನಮ್ಮ ಹೆಂಗಸರು ನನ್ನನ್ನು "ಪಾಪ" ಎಂದೇ ನೋಡುತ್ತಿದ್ದರು. ನನ್ನ ಸಾಕಣೆಯಲ್ಲೇ ಎಲ್ಲೋ ತಪ್ಪಿದೆ ಅನ್ನುವ ನೋಟ. ಆ ಬೆಳಿಗ್ಗೆ ಮೊದಲ ಸಲ ನನ್ನನ್ನು ತಲೆಯೆತ್ತಿ ನೋಡಿದರು. ಒಂದು ಭಾನುವಾರ ಹಾಗೇ ಇರಲಿ ಅನಿಸಿತು. ಮುಂದಿನ ತಿಂಗಳು ಎದ್ದು ಹೇಳಿದರಾಯಿತು ಅಂದುಕೊಂಡೆ. ಮುಂದಿನ ತಿಂಗಳೂ ಬಂತು, ಹೋಯಿತು.

ನಿನಗೆ ಬೈಯುವ ಯೋಗ್ಯತೆ ನನಗಿದೆಯೋ ಇಲ್ಲವೋ ತಿಳಿಯದು. ಆದರೂ ಬೈಯುತ್ತಿದ್ದೇನೆ. ಪ್ರತಿ ಕಳಿಸು.

ಆರ್ಡಿತ್

*

ಬರ್ಬ್ಯಾಂಕ್
ಆಗಸ್ಟ್ 16, 2012

ಆರ್ಡಿತ್,

ಇದರೊಳಗೆ ಡಿವಿಡಿ ಇದೆ. ಪ್ರಶ್ನೆ, ನಗು, ಉತ್ತರ, ಕೇಕಿನ ಕತೆ, ಕೊನೆಗೆ ದೇವಾಲಯದ ಪ್ರಶ್ನೆ ಮತ್ತು ನಿನ್ನ ಮೌನ. ಎಲ್ಲವೂ ನಡೆದ ಕ್ರಮದಲ್ಲೇ ಇದೆ. ಹಿನ್ನೆಲೆಯಲ್ಲಿ ನಾನು ನಗುವುದೂ ಕೇಳಿಸುತ್ತದೆ.

ನಿನ್ನೆ ನನ್ನ ಮೇಜನ್ನು ಖಾಲಿ ಮಾಡಿಸಿದರು. ನನಗೆ ಥ್ಯಾಂಕ್ಸ್ ಹೇಳಬೇಡ. ಮತ್ತೆ ಬರೆಯಲೂ ಬೇಡ.

ಕೊಲೆಟ್

*

ಪೈನ್ ಬೆಂಚ್
ಆಗಸ್ಟ್ 21, 2012

ಮುದ್ದು ಮೆರಿಲೀ,

ನನ್ನ ಹಿಂದಿನ ಆರು ಪತ್ರಗಳನ್ನು ನೀನು ಒಡೆಯದೆ ಇಟ್ಟಿರಬಹುದು. ಇದನ್ನು ಮಾತ್ರ ಒಡೆ. ಪತ್ರ ಓದದಿದ್ದರೂ ಚಿಂತೆಯಿಲ್ಲ, ಡಿವಿಡಿ ನೋಡು. ಅವರು ತೋರಿಸಿದ ಮೌನ ಬೇರೆ ಪ್ರಶ್ನೆಯದು. ನಿನ್ನ ಬಗ್ಗೆ ಕೇಳಿದಾಗ ನಾನು ಏನು ಹೇಳಿದೆನೆಂದು ನೀನೇ ಕೇಳಿಸಿಕೊ.

ಅಪ್ಪ ಟ್ರಕ್ಕಿನ ಟೈರು ಬದಲಾಯಿಸಿಟ್ಟಿದ್ದಾನೆ. "ಅವ್ಳು ಹೂಂ ಅಂದ್ರೆ ಸಾಕು, ಒಂದೇ ದಿನದಲ್ಲಿ ಮುಟ್ಟಿಸ್ತೀನಿ" ಅನ್ನುತ್ತಾನೆ. ನನ್ನ ಪೆಟ್ಟಿಗೆ ಬಾಗಿಲ ಬಳಿಯೇ ಇದೆ. ಸುಳ್ಳು ಬಯಲಾಯಿತಲ್ಲ ಮಗಳೇ, ಇನ್ನು ನಮ್ಮ ನಡುವೆ ಏನೂ ಅಡ್ಡವಿಲ್ಲ. ಒಂದು ಫೋನ್ ಮಾಡು.

ನಿನ್ನ
ಅಮ್ಮ

*

ಪೋರ್ಟ್‌ಲ್ಯಾಂಡ್, ಆರೆಗನ್
ಸೆಪ್ಟೆಂಬರ್ 27, 2012

ಅಮ್ಮ,

ಮಗು ಹುಟ್ಟಿ ಒಂಬತ್ತು ದಿನವಾಯಿತು. ಹೆಣ್ಣು. ಇಬ್ಬರೂ ಚೆನ್ನಾಗಿದ್ದೇವೆ. ಓವನ್‌ನ ತಾಯಿ ಬಂದಿದ್ದಾರೆ. ಅವರಿಗೆ ಮಗುವನ್ನು ಸರಿಯಾಗಿ ಸುತ್ತಲು ಬರುವುದಿಲ್ಲ, ಆದರೂ ಮಾಡುತ್ತಾರೆ.

ಡಿವಿಡಿಯನ್ನು ಬಂದ ದಿನವೇ ನೋಡಿದೆ. ಮೂರು ಸಲ ನೋಡಿದೆ. "ಐದ್ರಲ್ಲಿ ಅವ್ಳೇ ಹೆಚ್ಚು" ಅಂದಾಗ ನಾನು ಮೊದಲು ನಕ್ಕೆ, ಆಮೇಲೆ ಓವನ್ ಹೆದರುವಷ್ಟು ಅತ್ತೆ. ಚಿಕ್ಕಂದಿನಿಂದ ನಿನ್ನ ಬಾಯಿಂದ ಅಂಥ ಮಾತು ಕೇಳಿರಲಿಲ್ಲ. "ಮೊದ್ಲು ಅಮ್ಮಂಗೆ ಫೋನ್ ಮಾಡು" ಎಂದು ಓವನ್ ಫೋನ್ ತಂದು ಕೈಗಿಟ್ಟ.

ನಿನಗೆ ಗೊತ್ತಾಗದಂತೆ ಅಪ್ಪನನ್ನು ಫೋನಿಗೆ ಕರೆಸಿ ಮಾತಾಡಿ ನಿನ್ನನ್ನು ಬೆರಗುಗೊಳಿಸೋಣವೆಂದು ಮೊದಲು ಅತ್ತಿಗೆ ಶಾನೆಲ್‌ಗೆ ಫೋನ್ ಮಾಡಿದೆ. ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು: "ನೀನೇನೇ ಅನ್ನು ಮೆರಿಲೀ, ಅತ್ತೆಗೆ ಚರ್ಚಲ್ಲಿ ಎಂಥ ಗೌರವ ಸಿಕ್ತು ಗೊತ್ತಾ? ಜೂನ್‌ನಲ್ಲಿ ಏಳು ಜನ ಎದ್ದು, ಮಗಳಿಗಿಂತ ದೇವ್ರು ದೊಡ್ಡೋನು ಅಂತ ತೋರ್ಸಿದ್ರು ಅಂದ್ರು. ಅತ್ತೆ ಮುಗಿಯೋವರ್ಗೂ ಕೂತು ಕೇಳಿಸ್ಕೊಂಡ್ರು. ಆಮೇಲೆ ಬಾಗಿಲ ಹತ್ರ ನಿಂತು ಎಲ್ರ ಕೈನೂ ಕುಲುಕಿದ್ರು." ಜುಲೈನಲ್ಲಿ, ಆಗಸ್ಟ್‌ನಲ್ಲಿ ಅಮ್ಮ ಎದ್ದು ಏನಾದರೂ ಹೇಳಿದಳಾ ಎಂದು ಕೇಳಿದೆ. "ಏನು ಹೇಳ್ಬೇಕಿತ್ತು?" ಎಂದಳು.

ಟಿವಿಯವರು ನಿನ್ನ ಬಾಯಿ ಮುಚ್ಚಿಸಿದ್ದು ಈಗ ನನಗೆ ಗೊತ್ತು. ಅದನ್ನು ಮನಸ್ಸಿನಿಂದ ತೆಗೆದುಹಾಕಿದ್ದೇನೆ. ಆದರೆ ನಾನು ಹುಟ್ಟಿ ಬೆಳೆದ ಊರಿನಲ್ಲಿ, ನನ್ನನ್ನು ಎತ್ತಿ ಆಡಿಸಿದ ಹೆಂಗಸರ ಎದುರಿಗೆ ನೀನು ಸುಮ್ಮನೆ ಕುಳಿತಾಗ ಅಲ್ಲಿ ಯಾರ ಕತ್ತರಿಯೂ ಇರಲಿಲ್ಲ ಅಮ್ಮ. ಡಿವಿಡಿಯನ್ನು ನನಗೆ ಕಳಿಸಿದೆ. ಅವರಿಗೆ ತೋರಿಸಿದೆಯಾ?

ಬರಬೇಡ. ಪೆಟ್ಟಿಗೆಯನ್ನು ಒಳಗಿಡು.

ಮಗುವಿನ ಫೋಟೋ ಕೇಳಿದ್ದೆಯೆಂದು ಅಪ್ಪ ಹೇಳಿದ. ಲಕೋಟೆಯೊಳಗೆ ಹಾಕಿ ಮತ್ತೆ ತೆಗೆದಿಟ್ಟೆ. ಚರ್ಚಿನಲ್ಲಿ ಅದನ್ನು ನೋಡಿ ಇದು ಯಾರ ಮಗು ಎಂದು ಯಾರಾದರೂ ಕೇಳಿದರೆ ನೀನು ಏನು ಹೇಳುತ್ತೀಯೋ ನನಗೆ ಗೊತ್ತಿಲ್ಲ.

ಮೆರಿಲೀ